ಬಿಡುವವರು, ಬಿಡದವರು: ನಿರ್ದೇಶಕರ ಮತ್ತು ಫಿಲ್ಮ್ ಕಾಯುವವರ ಮಾತಿನ ಮೇಲೊಂದು ಟಿಪ್ಪಣಿ

ಸಿನಿಮಾ ಪೇಪರ್‌ಗೆ ಓದುತ್ತಿರುವ ಕಾಸರಗೋಡಿನ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ನಿರ್ದೇಶಕರ ಸಂದರ್ಶನಗಳನ್ನು ನಾವೆಲ್ಲ ಓದುತ್ತೇವೆ. ಹಳೆಯ ಫಿಲ್ಮ್ ಕಾಪಾಡಿದವರ, ಅಂದರೆ ಆರ್ಕೈವ್‌ನವರ, ಮಾತು ಓದುವವರು ಕಡಿಮೆ. ಎರಡನ್ನೂ ಒಟ್ಟಿಗೆ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಿರ್ದೇಶಕರದ್ದು ಏನನ್ನು ಬಿಡಬೇಕು ಎಂಬ ಚಿಂತೆ. ಆರ್ಕೈವ್‌ನವರದ್ದು ಏನನ್ನೂ ಬಿಡಬಾರದು ಎಂಬ ಹಟ.

ಮೊದಲು ನಿರ್ದೇಶಕರು. ಇವರಲ್ಲಿ ಸೀದಾ ಸಿನಿಮಾಕ್ಕೆ ಬಂದವರು ಜಾಸ್ತಿ ಇಲ್ಲ. ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಅಡೂರು ಗೋಪಾಲಕೃಷ್ಣನ್ ಅಂಕಿಅಂಶದ ಸರ್ಕಾರಿ ಕೆಲಸ ಬಿಟ್ಟು ಅಲ್ಲಿಗೇ ಹೋದರು. ಜಿ. ಅರವಿಂದನ್ ಫಿಲ್ಮ್ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ರಬ್ಬರ್ ಬೋರ್ಡಿನ ನೌಕರಿ, ಜೊತೆಗೆ 'ಮಾತೃಭೂಮಿ' ವಾರಪತ್ರಿಕೆಗೆ ವ್ಯಂಗ್ಯಚಿತ್ರ. ಪರೀಕ್ಷೆಯಲ್ಲಿ ಇದನ್ನು ಸುಮ್ನೆ ಪಟ್ಟಿ ಮಾಡಬೇಡಿ. ಹಳೆಯ ಕಸುಬಿನದ್ದು ಏನು ಉಳಿಯಿತು ಎಂದು ಕೇಳಿ. ಅರವಿಂದನ್ ಚಿತ್ರಗಳಲ್ಲಿ ಮಾತು ಕಡಿಮೆ. ಒಂದು ಚೌಕಟ್ಟಿನೊಳಗೇ ಕೆಲಸ ಮುಗಿಸುವ ಅಭ್ಯಾಸ ಅವರಿಗೆ ಗೆರೆ ಎಳೆಯುವಾಗಲೇ ಬಂದಿರಬೇಕು ಅಂತ ನನಗನ್ನಿಸುತ್ತದೆ.

ಬಿಡುವುದು ಅಂದರೇನು ಎಂದು ತಿಳಿಯಲು 'ಘಟಶ್ರಾದ್ಧ' (1977) ಸಾಕು. ಅನಂತಮೂರ್ತಿಯವರ ಕಥೆ ಅದು. ವಿಧವೆ ಯಮುನಕ್ಕನ ಬಾಳು ಕುಸಿಯುವುದನ್ನು ನಾವು ಪುಟ್ಟ ನಾಣಿಯ ಜೊತೆ ನಿಂತು ನೋಡುತ್ತೇವೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಆದರೆ ಯಾರೂ ಬಿಡಿಸಿ ಹೇಳುವುದಿಲ್ಲ. ಒಬ್ಬ ಹಿರಿಯ ಪಾತ್ರದ ಬಾಯಲ್ಲಿ ಎರಡು ಮಾತು ವಿವರಣೆ ಹೇಳಿಸಿದ್ದರೆ ಚಿತ್ರವೇ ಸಪ್ಪೆಯಾಗುತ್ತಿತ್ತು.

ಹೀಗೆ ಬಿಡಿಸಿ ಹೇಳದ್ದನ್ನು ಹಿಡಿಯುವುದರಲ್ಲಿ ಗಡಿನಾಡಿನ ನಮಗೆ ಒಂದು ಲಾಭ ಇದೆ. ಅಡೂರರ ಮಲಯಾಳಂ ಚಿತ್ರ 'ವಿಧೇಯನ್' (1994) ನೋಡಿ. ಅದರ ಜಮೀನ್ದಾರ ಪಟೇಲರ ಮಲಯಾಳಂನಲ್ಲಿರುವ ಕನ್ನಡದ ಧಾಟಿ ನಮ್ಮ ಕಿವಿಗೆ ತಕ್ಷಣ ಬೀಳುತ್ತದೆ. ತಿರುವನಂತಪುರದವರಿಗೆ ಅಷ್ಟು ಬೇಗ ಬೀಳಲಿಕ್ಕಿಲ್ಲ!

ಇನ್ನು ಪಿ.ಕೆ. ನಾಯರ್. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ 1964ರಲ್ಲಿ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಇವರು. 1991ರಲ್ಲಿ ನಿವೃತ್ತರಾದರು. ಕತ್ತಲೆಯ ಥಿಯೇಟರಿನಲ್ಲಿ ಸಣ್ಣ ಟಾರ್ಚ್ ಹಿಡಿದು, ಓಡುವ ಫಿಲ್ಮ್ ನೋಡುತ್ತಾ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗ ಸಿನಿಮಾ ಟಿಕೆಟಿನ ತುಂಡುಗಳನ್ನೂ ಎಸೆಯದೆ ಇಟ್ಟುಕೊಂಡವರು. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂದು ವಿಂಗಡಿಸುವುದು ಆರ್ಕೈವ್‌ನ ಕೆಲಸ ಅಲ್ಲ ಎಂಬುದು ಅವರ ನಿಲುವು. ಇಂದು ಕೀಳು ಅನ್ನಿಸಿದ್ದು ನಾಳೆಯವರಿಗೆ ಬೇಕಾಗಬಹುದು ಅಲ್ವಾ?

ಈ ಹಟ ಯಾಕೆ ಬೇಕು ಎನ್ನುವುದಕ್ಕೆ ಅವರೇ ಹೇಳುತ್ತಿದ್ದ ಪ್ರಸಂಗವೊಂದಿದೆ. ನಮ್ಮ ದೇಶದ ಮೊದಲ ಟಾಕಿ (ಮಾತಿನ ಚಿತ್ರ) 'ಆಲಂ ಆರಾ' (1931). ಅದನ್ನು ಹುಡುಕಿಕೊಂಡು ಅವರು ನಿರ್ದೇಶಕ ಆರ್ದೇಶಿರ್ ಇರಾನಿಯವರ ಬಳಿ ಹೋದರು. ಕೆಲವು ರೀಲು ಎಲ್ಲೋ ಇರಬೇಕು ಎಂದರಂತೆ ಇರಾನಿ. ಹೊರಡುವಾಗ ಮಗ ಪಕ್ಕಕ್ಕೆ ಕರೆದು, ಅವುಗಳಿಂದ ಬೆಳ್ಳಿ ತೆಗೆಸಿಯಾಯಿತು ಎಂದುಬಿಟ್ಟರು. ಕಪ್ಪು ಬಿಳುಪು ಫಿಲ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ ಮಾರಾಯ್ರೆ, ಹಳೆಯ ರೀಲುಗಳು ಹೀಗೆಯೇ ಕರಗಿದ್ದು. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೆಂಕಿಯ ಭಯ ಬೇರೆ. ಮುಂದೆ ಬಂದ ಅಸಿಟೇಟ್ ಫಿಲ್ಮ್ ಬೆಚ್ಚಗೆ, ತೇವದಲ್ಲಿ ಇಟ್ಟರೆ ಹುಳಿತು ವಿನೆಗರ್ ವಾಸನೆ ಹೊಡೆಯುತ್ತದೆ. ನಮ್ಮ ಕರಾವಳಿಯ ಹವೆ ನೆನೆಸಿಕೊಳ್ಳಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' (1934) ಕೂಡ ಇಂದು ನೋಡಲು ಸಿಗುವುದಿಲ್ಲ.

ನಾಯರ್ ಕೂಡಿಟ್ಟು ಬೀಗ ಹಾಕಿದವರಲ್ಲ. ರಂಗಕರ್ಮಿ ಕೆ.ವಿ. ಸುಬ್ಬಣ್ಣನವರ ಊರಾದ ಹೆಗ್ಗೋಡಿಗೆ ಆರ್ಕೈವ್‌ನಿಂದ ಫಿಲ್ಮ್ ಬರುತ್ತಿತ್ತು. ಅಡಿಕೆ ತೋಟದ ಜನ ಜಪಾನಿನ ನಿರ್ದೇಶಕ ಕುರೊಸಾವಾನ ಚಿತ್ರ ನೋಡಿದ್ದು ಹಾಗೆ.

ಈಗ ಕಷ್ಟದ ಭಾಗ. ಅರವಿಂದನ್‌ರ 'ಕುಮ್ಮಾಟ್ಟಿ' (1979) ಚಿತ್ರೀಕರಣವಾದದ್ದು ನಮ್ಮದೇ ಜಿಲ್ಲೆಯ ಚೀಮೇನಿಯಲ್ಲಿ. ಆಗ ಅದು ಕಣ್ಣೂರು ಜಿಲ್ಲೆ. ಅದರ ಮೂಲ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಓಡಿದ ಫಿಲ್ಮ್, ಉಳಿದಿಲ್ಲ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಇಟಲಿಯ ಬೊಲೋನ್ಯಾದ ಫಿಲ್ಮ್ ಆರ್ಕೈವ್‌ನವರು ಸೇರಿ, ಉಳಿದ ಹಳೆಯ ಪ್ರಿಂಟುಗಳಿಂದಲೇ ಅದನ್ನು ಸರಿಪಡಿಸಿದರು. 2021ರಲ್ಲಿ ಪ್ರದರ್ಶನವಾಯಿತು. ಹಳೆಯ ಕಲರ್ ಪ್ರಿಂಟಿನಲ್ಲಿ ಬಣ್ಣ ಮಾಸಿ ಎಲ್ಲವೂ ಕೆಂಪಗೆ ತಿರುಗುವುದು ಸಾಮಾನ್ಯ. ಹಾಗಾದರೆ ಚೀಮೇನಿಯ ಬಯಲಿನ ಹುಲ್ಲು ಎಷ್ಟು ಹಸಿರಾಗಿರಬೇಕು? ಯಾರಾದರೂ ತೀರ್ಮಾನಿಸಲೇಬೇಕು. ಏನನ್ನೂ ಆರಿಸುವುದಿಲ್ಲ ಎಂದವರು ಇಲ್ಲಿ ಆರಿಸುವವರಾಗುತ್ತಾರೆ. ಹಳೆಯ ಗೀರನ್ನು ಅಳಿಸುವುದೋ ಬಿಡುವುದೋ, ಅದೂ ಅಷ್ಟೇ.

2024ರಲ್ಲಿ 'ಘಟಶ್ರಾದ್ಧ' ಹೀಗೆಯೇ ಸರಿಪಡಿಸಿಕೊಂಡು ವೆನಿಸ್‌ನಲ್ಲಿ ತೆರೆಕಂಡಾಗ, ಚಿತ್ರ ಹೇಗೆ ಕಾಣಬೇಕು ಎಂದು ಕೇಳಲು ಕಾಸರವಳ್ಳಿ ಇದ್ದರು. ಅರವಿಂದನ್ 1991ರಲ್ಲೇ ತೀರಿಕೊಂಡಿದ್ದರು. 'ಕುಮ್ಮಾಟ್ಟಿ'ಗೆ ನೆರವಾದವರು ಛಾಯಾಗ್ರಾಹಕ ಶಾಜಿ ಎನ್. ಕರುಣ್ ಮತ್ತು ಅರವಿಂದನ್‌ರ ಮಗ ರಾಮು.