ಗಿಟಾರ್‌ಗೆ ಬೆಂಕಿ ಹಚ್ಚಿದ್ದು ನಶೆಯಲ್ಲ

1967ರ ಜೂನ್ 18ರ ರಾತ್ರಿ, ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಉತ್ಸವದಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮೊಣಕಾಲೂರಿ ಕೂತ. ತನ್ನ ಗಿಟಾರ್ ಮೇಲೆ ಲೈಟರ್ ಎಣ್ಣೆ ಸುರಿದು ಕಡ್ಡಿ ಗೀರಿದ. ಅವತ್ತು ಶುರುವಾದ ವಾದ ರಾಕ್ ಅಭಿಮಾನಿಗಳ ನಡುವೆ ಇನ್ನೂ ನಿಂತಿಲ್ಲ. ಅವನು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ತೆಗೆದುಕೊಂಡೇ ವೇದಿಕೆ ಹತ್ತಿದ್ದ ಎಂಬ ಮಾತಿದೆ. ಹಾಗಾದರೆ ಆ ಸಂಗೀತ ಬಂದದ್ದು ಅದರಿಂದಲೇ ಅಲ್ವಾ ಅನ್ನುವವರು ಒಂದು ಕಡೆ. ಅದೆಲ್ಲ ಬರೀ ಶೋಕಿ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಹೆಂಡ್ರಿಕ್ಸ್‌ಗೆ ಅನ್ಯಾಯ ಮಾಡುತ್ತಿದ್ದಾರೆ ಎಂದೇ ನನ್ನ ಅನಿಸಿಕೆ.

ಬೆಂಕಿಯ ವಿಷಯವನ್ನೇ ನೋಡಿ. ಅದು ಮಾಂಟೆರೆಯಲ್ಲಿ ಹೊಳೆದದ್ದಲ್ಲ. ಅದೇ ವರ್ಷದ ಮಾರ್ಚ್ 31ರಂದು ಲಂಡನ್ನಿನ ಅಸ್ಟೋರಿಯಾದಲ್ಲಿ ಅವನ ಕಾರ್ಯಕ್ರಮವಿತ್ತು. ಆಗಿನ್ನೂ ಹೊಸಬ, ಪತ್ರಿಕೆಗಳಲ್ಲಿ ಹೆಸರು ಬರಬೇಕಿತ್ತು. ಗಿಟಾರ್ ಒಡೆಯೋಣ ಅಂದರೆ ಅದನ್ನು ಬ್ರಿಟನ್ನಿನ ರಾಕ್ ತಂಡ 'ದಿ ಹೂ' ಆಗಲೇ ಮಾಡಿ ಮುಗಿಸಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಮ್ಯಾನೇಜರ್ ಚಾಸ್ ಚಾಂಡ್ಲರ್ ಜೊತೆ ಕೂತಿದ್ದ ಪತ್ರಕರ್ತ ಕೀತ್ ಆಲ್ಥಮ್, ಬೆಂಕಿ ಹಚ್ಚಿದರೆ ಹೇಗೆ ಅಂದ. ಲೈಟರ್ ಎಣ್ಣೆ ತರಲು ಒಬ್ಬ ಅಂಗಡಿಗೆ ಓಡಿದ. ಹೆಂಡ್ರಿಕ್ಸ್ ಕೈ ಒಂದಿಷ್ಟು ಸುಟ್ಟುಕೊಂಡ. ಮಾಂಟೆರೆಯಲ್ಲೂ ಕೊನೆಯ ಹಾಡಿಗೆ ಮುಂಚೆ ಕಪ್ಪು ಗಿಟಾರ್ ಇಳಿಸಿ, ಬಣ್ಣ ಬಳಿದ ಇನ್ನೊಂದನ್ನು ಹೆಗಲಿಗೇರಿಸಿದ. ಸುಡುವುದು ಯಾವುದನ್ನು ಎಂಬುದು ಮೊದಲೇ ತೀರ್ಮಾನವಾಗಿತ್ತು.

ಹಲ್ಲಿನಿಂದ ನುಡಿಸುವುದು, ಬೆನ್ನ ಹಿಂದೆ ಹಿಡಿದು ನುಡಿಸುವುದು ಇನ್ನೂ ಹಳೆಯ ವಿದ್ಯೆ. ಬ್ಲೂಸ್ ಗಾಯಕ ಟಿ-ಬೋನ್ ವಾಕರ್ 1940ರ ದಶಕದಲ್ಲೇ ಗಿಟಾರನ್ನು ತಲೆಯ ಹಿಂದೆ ಹಿಡಿದು ನುಡಿಸುತ್ತಿದ್ದ. ಹೆಂಡ್ರಿಕ್ಸ್ ಹೆಸರು ಮಾಡುವ ಮೊದಲು ಕಪ್ಪು ಜನರ ಕ್ಲಬ್ಬುಗಳಲ್ಲಿ ಲಿಟಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಅವರ ಹಿಂದೆ ನಿಂತು ವರ್ಷಗಟ್ಟಲೆ ನುಡಿಸಿದವನು. ಜನರನ್ನು ಹಿಡಿದಿಡದಿದ್ದರೆ ಅಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ.

ನಶೆಗೂ ಪ್ರತಿಭೆಗೂ ಗಂಟು ಹಾಕುವ ಚಾಳಿ ರಾಕ್‌ಗಿಂತ ಹಿಂದಿನದು. ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಅವನಂತೆ ನುಡಿಸಬೇಕು ಎಂದು ಎಷ್ಟೋ ಹುಡುಗರು ಸೂಜಿ ಚುಚ್ಚಿಕೊಂಡರು. ಆದರೆ ಪಾರ್ಕರ್ 1949ರಲ್ಲೇ ಒಂದು ಸಂದರ್ಶನದಲ್ಲಿ, ನಶೆಯಲ್ಲಿ ಚೆನ್ನಾಗಿ ನುಡಿಸುತ್ತೇನೆ ಅನ್ನುವವನು ಸುಳ್ಳುಗಾರ ಎಂದು ನೇರವಾಗಿ ಹೇಳಿದ್ದ. ಅವನ ಚಟ ಕಲಿತವರು ಅವನ ಈ ಮಾತು ಕೇಳಲಿಲ್ಲ. 1955ರಲ್ಲಿ ಸತ್ತಾಗ ಅವನಿಗೆ ಬರೀ 34.

ಎಲ್‌ಎಸ್‌ಡಿಗೂ ಸಂಗೀತಕ್ಕೂ ಸಂಬಂಧವೇ ಇಲ್ಲ ಅಂದರೆ ಅದೂ ತಪ್ಪು. 1965-66ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಸ್‌ಡಿ ಸೇವಿಸಲೆಂದೇ ಸೇರುತ್ತಿದ್ದ 'ಆಸಿಡ್ ಟೆಸ್ಟ್' ಕೂಟಗಳಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ ಗಂಟೆಗಟ್ಟಲೆ ನುಡಿಸುತ್ತಿತ್ತು. ಮೂರು ನಿಮಿಷದ ಹಾಡು ಅರ್ಧ ಗಂಟೆಗೆ ಬೆಳೆಯುವ ಧೈರ್ಯ ಅಲ್ಲಿಂದ ಬಂತು. ಕ್ಯಾಲಿಫೋರ್ನಿಯಾ 1966ರ ಅಕ್ಟೋಬರ್‌ನಲ್ಲಿ ಎಲ್‌ಎಸ್‌ಡಿಯನ್ನು ನಿಷೇಧಿಸಿದರೂ ಆ ರುಚಿ ಉಳಿಯಿತು. ಆದರೆ ಅದು ಕೊಟ್ಟದ್ದು ಹೊಸ ಕಲ್ಪನೆ. ಬೆರಳಿಗೆ ಬೇಕಾದ ತಾಲೀಮು ಬೇರೆ ಕಡೆಯಿಂದಲೇ ಬರಬೇಕಿತ್ತು.

ಈ ಗೊಂದಲದ ನಡುವೆ ಪಂಡಿತ್ ರವಿಶಂಕರ್ ಸಿಕ್ಕಿಬಿದ್ದರು. ಮಾಂಟೆರೆಯಲ್ಲಿ ಅದೇ ದಿನ ಮಧ್ಯಾಹ್ನ ಮೂರು ಗಂಟೆಗೂ ಹೆಚ್ಚು ಹೊತ್ತು ಸಿತಾರ್ ನುಡಿಸಿದ್ದರು. ಕೇಳುವಾಗ ಸಿಗರೇಟ್ ಸೇದಬೇಡಿ ಎಂದು ಕೇಳಿಕೊಂಡಿದ್ದರು. ರಾತ್ರಿ ಗಿಟಾರ್ ಉರಿದದ್ದು ಅವರಿಗೆ ಬಹಳ ನೋವು ಕೊಟ್ಟಿತು. ವಾದ್ಯಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ನಮಗೆ ಆ ಸಂಕಟ ಅರ್ಥವಾಗುತ್ತದೆ. ರಾಗವನ್ನು ನಶೆಗೆ ನೆಂಚಿಕೊಳ್ಳುವ ಉಪ್ಪಿನಕಾಯಿ ಮಾಡಿಕೊಂಡವರ ಬಗ್ಗೆ ಅವರು ಕೊನೆಯವರೆಗೂ ಬೇಸರಪಟ್ಟುಕೊಂಡರು.

1969ರ ವುಡ್‌ಸ್ಟಾಕ್ ಸಂಗೀತ ಉತ್ಸವ ಎರಡೂ ಪಕ್ಷಕ್ಕೂ ಸಾಕ್ಷಿ ಒದಗಿಸಿತು. ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಮೆಸ್ಕಲಿನ್ ಎಂಬ, ಭ್ರಮೆ ಹುಟ್ಟಿಸುವ ಇನ್ನೊಂದು ಮಾದಕ ತೆಗೆದುಕೊಂಡಿದ್ದ. ತನ್ನ ಸರದಿ ತಡವಾಗಿ ಬರುತ್ತದೆ ಅಂದುಕೊಂಡಿದ್ದ, ಬೇಗನೆ ಕರೆದುಬಿಟ್ಟರು. ಗಿಟಾರಿನ ಕತ್ತು ಹಾವಿನಂತೆ ಹೊರಳುತ್ತಿತ್ತು, ತಾಳ ಶ್ರುತಿ ತಪ್ಪದಿರಲಿ ಎಂದು ದೇವರನ್ನು ಬೇಡಿಕೊಂಡೆ ಎಂದು ಆಮೇಲೆ ಅವನೇ ಹೇಳಿದ್ದಾನೆ. ನುಡಿಸುವಾಗ ಅವನ ಮುಖ ಕಿವುಚಿಕೊಂಡದ್ದನ್ನು ತನ್ಮಯತೆ ಅಂದುಕೊಂಡವರು ಲಕ್ಷಾಂತರ ಮಂದಿ. ಅವನು ಹಾವನ್ನು ಹಿಡಿದು ನಿಲ್ಲಿಸಲು ಹೆಣಗುತ್ತಿದ್ದ! ಹಿಂದೆ ಗಟ್ಟಿ ತಾಳ ಇತ್ತು, 20 ವರ್ಷದ ಡ್ರಮ್ಮರ್ ಮೈಕೆಲ್ ಶ್ರೀವ್ ಇದ್ದ. ಅದೇ ವೇದಿಕೆಯಲ್ಲಿ ಗ್ರೇಟ್‌ಫುಲ್ ಡೆಡ್ ನುಡಿಸಿದ್ದು ಮಾತ್ರ ತೀರಾ ಕೆಟ್ಟಿತು. ಮಳೆ, ಮೈಕಿನಿಂದ ಶಾಕ್ ಬೇರೆ. ಅವರೇ ಅದನ್ನು ಒಪ್ಪಿಕೊಂಡಿದ್ದಾರೆ.

1973ರ ನವೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೌ ಪ್ಯಾಲೇಸ್‌ನಲ್ಲಿ ದಿ ಹೂ ತಂಡದ ಡ್ರಮ್ಮರ್ ಕೀತ್ ಮೂನ್ ನಶೆಯಲ್ಲಿ ಡ್ರಮ್ಸ್ ಮೇಲೇ ಕುಸಿದ. ಕೊನೆಗೆ ಜನರ ನಡುವಿನಿಂದ ಬಂದ 19ರ ಹುಡುಗನೊಬ್ಬ ನುಡಿಸಿ ಕಾರ್ಯಕ್ರಮ ಮುಗಿಸಿದ.

ಮತ್ತೆ ಹೆಂಡ್ರಿಕ್ಸ್ ವಿಷಯಕ್ಕೆ ಬರೋಣ. 1969-70ರ ಹೊಸ ವರ್ಷದ ಹೊತ್ತಿಗೆ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಅವನ ಕಾರ್ಯಕ್ರಮ. ಆಯೋಜಕ ಬಿಲ್ ಗ್ರಹಾಂ ಹೇಳಿಕೊಂಡ ಪ್ರಕಾರ, ಒಂದು ಪ್ರದರ್ಶನ ಮುಗಿಸಿ ಬಂದು ಹೆಂಡ್ರಿಕ್ಸ್ 'ಹೇಗಿತ್ತು?' ಎಂದು ಕೇಳಿದ. ನೀನು ಎಲ್ಲ ಕಸರತ್ತೂ ಮಾಡಿದೆ, ನುಡಿಸುವುದೊಂದನ್ನು ಬಿಟ್ಟು ಎಂಬರ್ಥದ ಉತ್ತರ ಸಿಕ್ಕಿತು. ಹೆಂಡ್ರಿಕ್ಸ್‌ಗೆ ಸಿಟ್ಟು ಬಂತು. ಮುಂದಿನ ಪ್ರದರ್ಶನದಲ್ಲಿ ನಿಂತ ಜಾಗ ಬಿಟ್ಟು ಅಲ್ಲಾಡದೆ ನುಡಿಸಿದ. ಅಂಥದ್ದನ್ನು ತಾನು ಕೇಳಿಯೇ ಇರಲಿಲ್ಲ ಎನ್ನುತ್ತಾನೆ ಗ್ರಹಾಂ. ಆಮೇಲೆ ಜನ ಮತ್ತೆ ಕೂಗಿದಾಗ ಹಲ್ಲು, ಬೆನ್ನು, ಎಲ್ಲ ಆಟವನ್ನೂ ಆಡಿ ತೋರಿಸಿದ. ಎರಡೂ ಅವನ ಕೈಯಲ್ಲೇ ಇದ್ದವು, ಯಾವುದು ಯಾವಾಗ ಬೇಕು ಅಂತಲೂ ಗೊತ್ತಿತ್ತು. ಅಲ್ಲಿ ದಾಖಲಾದ 12 ನಿಮಿಷದ 'ಮಷಿನ್ ಗನ್' ಕೇಳಿದರೆ ಸಾಕು.

ನಾಲ್ಕು ವಾರದ ಬಳಿಕ, ಜನವರಿ 28ರಂದು ಹೆಂಡ್ರಿಕ್ಸ್‌ನ ಅದೇ ತಂಡ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿತ್ತು. ಎರಡು ಹಾಡು ಆಗುವಷ್ಟರಲ್ಲಿ ಹೆಂಡ್ರಿಕ್ಸ್ ಮುಂದುವರಿಸಲಾಗದೆ ಇಳಿದುಹೋದ. ಎಲ್‌ಎಸ್‌ಡಿಯೇ ಕಾರಣ ಎಂದು ಡ್ರಮ್ಮರ್ ಬಡ್ಡಿ ಮೈಲ್ಸ್ ಆಮೇಲೆ ಹೇಳಿದ. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ನಿದ್ದೆ ಮಾತ್ರೆ ಅತಿಯಾಗಿ ಹೆಂಡ್ರಿಕ್ಸ್ ತೀರಿಕೊಂಡ. ವಯಸ್ಸು 27. ನ್ಯೂಯಾರ್ಕಿನಲ್ಲಿ ತಾನೇ ಕಟ್ಟಿಸಿದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ.