ಬಡ್ಡಿ ಏರಿಸಿದರೆ ತೊಗರಿ ಬೆಳೆಯುತ್ತಾ?

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಚೀಲ ಬಿಚ್ಚಿದ ಕೂಡಲೇ ವ್ಯಾಪಾರಿ ಎರಡು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತಾರೆ. ಕಟ್ ಅಂದರೆ ಚೆನ್ನಾಗಿ ಒಣಗಿದೆ. ಮೆತ್ತಗಿದ್ದರೆ ತೇವ ಜಾಸ್ತಿ, ರೇಟು ಕಮ್ಮಿ. ಇಲ್ಲಿ ಕೂಗುವ ಈ ರೇಟು ಕೊನೆಗೆ ದೇಶದ ಹಣದುಬ್ಬರದ ಲೆಕ್ಕಕ್ಕೂ ಹೋಗಿ ಸೇರುತ್ತದೆ.

ಆರ್ಥಿಕತೆ ಜೋರಾಗಿ ಬೆಳೆದರೆ ಬೆಲೆಯೂ ಏರಲೇಬೇಕು ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಕೈಯಲ್ಲಿ ದುಡ್ಡು ಹೆಚ್ಚಿದಷ್ಟೇ ವೇಗದಲ್ಲಿ ಸರಕೂ ಹೆಚ್ಚಿದರೆ ಬೆಲೆ ಸುಮ್ಮನಿರುತ್ತದೆ. ಸರಕು ಹಿಂದೆ ಬಿದ್ದಾಗಲೇ ತೊಂದರೆ.

2016ರಲ್ಲಿ ಕಾಯ್ದೆ ತಿದ್ದಿ, ಹಣದುಬ್ಬರವನ್ನು ಶೇ 4ರ ಹತ್ತಿರ ಇಡುವ ಹೊಣೆಯನ್ನು ರಿಸರ್ವ್ ಬ್ಯಾಂಕಿಗೆ ಕೊಡಲಾಯಿತು. ಅದರ ಮುಖ್ಯ ಅಸ್ತ್ರ ರೆಪೊ ದರ, ಅಂದರೆ ಬೇರೆ ಬ್ಯಾಂಕುಗಳಿಗೆ ಅದು ಕೊಡುವ ಸಾಲದ ಬಡ್ಡಿ. ಅದು ಏರಿದರೆ ಸಾಲ ದುಬಾರಿಯಾಗುತ್ತದೆ. ಬೈಕು, ಮನೆ ಕೊಳ್ಳುವವರು ಸ್ವಲ್ಪ ತಡೆಯುತ್ತಾರೆ. ಆದರೆ ಬಡ್ಡಿ ಏರಿತು ಅಂತ ಯಾರೂ ಸಾರಿಗೆ ಬೇಳೆ ಕಮ್ಮಿ ಹಾಕಲ್ಲ, ಅಲ್ವಾ? ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್–ಜನವರಿಗೆ. ಯಾವ ಬ್ಯಾಂಕೂ ಅದನ್ನು ಬೇಗ ಮಾಡಿಸಲಾರದು.

2014, 2015 ಎರಡೂ ವರ್ಷ ಮಳೆ ಕೈಕೊಟ್ಟಿತು. ಆಗ ಆರ್ಥಿಕತೆ ಶೇ 8ರಷ್ಟು ಬೆಳೆಯುತ್ತಿತ್ತು, ತೊಗರಿ ಬೇಳೆ ಕೆ.ಜಿ.ಗೆ 200 ರೂಪಾಯಿ ಮುಟ್ಟಿತ್ತು. ಆದರೂ ಒಟ್ಟು ಹಣದುಬ್ಬರ ಶೇ 5ರ ಆಸುಪಾಸಿನಲ್ಲೇ ಉಳಿಯಿತು. ಕಚ್ಚಾ ತೈಲ ಅಗ್ಗವಾಗಿದ್ದು ದೊಡ್ಡ ಆಸರೆಯಾಯಿತು.

ಮರುವರ್ಷ ಮಳೆ ಚೆನ್ನಾಗಿ ಬಂತು. ರೈತರು ಮುಗಿಬಿದ್ದು ತೊಗರಿ ಬಿತ್ತಿದರು. ದೇಶದ ಬೆಳೆ ಸುಮಾರು 26 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಜಿಗಿಯಿತು. ಸಾಲದ್ದಕ್ಕೆ ಹೊರದೇಶದ ಬೇಳೆಕಾಳೂ ಬಂದಿಳಿಯಿತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. 2017ರ ಜೂನ್‌ನಲ್ಲಿ ಹಣದುಬ್ಬರ ಶೇ 1.5ರ ಹತ್ತಿರ ಬಂದದ್ದಕ್ಕೆ ಬೇಳೆಕಾಳಿನ ಕುಸಿತವೂ ಒಂದು ಕಾರಣ. ಇದನ್ನು ಗೆಲುವು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಡುಗೆಮನೆಗೆ ಉಳಿದ ದುಡ್ಡು ರೈತರ ಜೇಬಿನಿಂದ ಹೋದದ್ದು.

ಬೆಲೆಯೂ ಹಿಡಿತದಲ್ಲಿರಬೇಕು, ರೈತರಿಗೂ ಗಿಟ್ಟಬೇಕು ಅಂದರೆ ಎಕರೆಗೆ ಬರುವ ಇಳುವರಿ ಹೆಚ್ಚಬೇಕು. ನೆಟೆ ರೋಗ ತಡೆಯುವ ಟಿಎಸ್–3ಆರ್ ತಳಿ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ್ದೇ ಕೊಡುಗೆ. ಬಿತ್ತಿದ 45–50 ದಿನಕ್ಕೆ ಕುಡಿ ಚಿವುಟಿದರೆ ಗಿಡ ಕವಲೊಡೆದು ಕಾಯಿ ಜಾಸ್ತಿ ಕಟ್ಟುತ್ತದೆ. ಕೂಲಿಯಾಳು ಸಿಗದೆ ಎಷ್ಟೋ ಹೊಲಗಳಲ್ಲಿ ಈ ಕೆಲಸ ಬಿಟ್ಟುಹೋಗುತ್ತದೆ. ಚಿವುಟುವ ಯಂತ್ರ ಈಗ ಬಂದಿದೆ. ಅದು ಪ್ರತಿ ಹೋಬಳಿಯಲ್ಲೂ ಬಾಡಿಗೆಗೆ ಸಿಗುವಂತಾಗಬೇಕು, ಅದೂ ಆಗಸ್ಟ್ ಮುಗಿಯುವುದರೊಳಗೆ.