ಮೊದಲು ಒಂದು ನಿಮಿಷ, ಆಮೇಲೆ ಕಥೆ

ಸಮುದಾಯ ಕಲಾ ಕೇಂದ್ರದ ನಮ್ಮ ಚಲನಚಿತ್ರ ತರಗತಿಗೆ ಬರುವ ಪ್ರೌಢಶಾಲೆಯ ಮಕ್ಕಳ ತಲೆಯಲ್ಲಿ ಮೊದಲ ದಿನವೇ ಒಂದು ಕಥೆ ಸಿದ್ಧವಿರುತ್ತದೆ. ಒಂದು ಕೊಲೆ, ಒಂದು ಬಿಟ್ಟಮನೆ, ಕೊನೆಗೆ ಎಲ್ಲವೂ ಕನಸು. ಡ್ರೋನ್ ಸಿಗುತ್ತದೆಯೇ ಎಂದು ಕೇಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಆ ಉತ್ಸಾಹವನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ, ಅದಿಲ್ಲದೆ ಈ ಕೆಲಸವೇ ಇಲ್ಲ. ಆದರೂ ಮೊದಲ ಮೂರು ವಾರ ಕಥೆಯನ್ನು ನೋಟ್ ಪುಸ್ತಕದಲ್ಲೇ ಇಟ್ಟುಕೊಳ್ಳಿ ಎನ್ನುತ್ತೇನೆ. ಅವರ ಕೈಗೆ ಬರುವುದು ಒಂದು ಮೊಬೈಲ್, ಅದು ಅಲುಗಾಡದಂತೆ ನಿಲ್ಲಿಸಲು ಟ್ರೈಪಾಡ್ ಅಥವಾ ಪುಸ್ತಕಗಳ ರಾಶಿ, ಮತ್ತು ಒಂದು ನಿಮಿಷ. ಝೂಮ್ ಇಲ್ಲ, ಕಟ್ ಇಲ್ಲ, ಹಿನ್ನೆಲೆ ಸಂಗೀತವಿಲ್ಲ.

ಇದು ನನ್ನ ಸ್ವಂತ ಕಲ್ಪನೆಯಲ್ಲ. ಸಿನಿಮಾವನ್ನು ಮೊದಮೊದಲು ತೆಗೆದು ತೋರಿಸಿದ ಫ್ರಾನ್ಸಿನ ಲುಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ತೋರಿಸಿದ ಹತ್ತು ಚಿತ್ರಗಳೂ ಇಂಥವೇ. ಸುಮಾರು 17 ಮೀಟರ್ ಫಿಲಂ ಸುರುಳಿ, ಹೆಚ್ಚೆಂದರೆ 50 ಸೆಕೆಂಡು. ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ, ಹಿಡಿಕೆ ತಿರುಗಿಸುತ್ತ ಸುರುಳಿ ಮುಗಿಯುವವರೆಗೆ ತೆಗೆದದ್ದು. ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ಚಿತ್ರವನ್ನು ಮಕ್ಕಳಿಗೆ ತೋರಿಸಿದಾಗ ಅವರು ಅದನ್ನು ಸುಮ್ಮನೆ ಸೆರೆಸಿಕ್ಕ ದೃಶ್ಯ ಎಂದುಕೊಳ್ಳುತ್ತಾರೆ. ಆಗ ಉಳಿದೆರಡು ಆವೃತ್ತಿಗಳನ್ನೂ ತೋರಿಸುತ್ತೇನೆ. ಒಂದರಲ್ಲಿ ಒಂಟಿ ಕುದುರೆಯ ಗಾಡಿ, ಇನ್ನೊಂದರಲ್ಲಿ ಎರಡು ಕುದುರೆ, ಮತ್ತೊಂದರಲ್ಲಿ ಗಾಡಿಯೇ ಇಲ್ಲ. ಸಿನಿಮಾ ಹುಟ್ಟಿದ ಹೊಸದರಲ್ಲೇ ರೀಟೇಕ್ ಕೂಡ ಹುಟ್ಟಿದೆ ಎಂದು ತಿಳಿದಾಗ ತರಗತಿಯಲ್ಲಿ ಗುಸುಗುಸು ಏಳುತ್ತದೆ. ಕ್ಯಾಮೆರಾ ಎಲ್ಲಿಡಬೇಕು, ಯಾವಾಗ ಆರಂಭಿಸಬೇಕು ಎಂಬ ಎರಡೇ ತೀರ್ಮಾನಗಳಲ್ಲಿ ಎಷ್ಟು ಕೆಲಸ ಅಡಗಿದೆ ಎಂಬುದು ಅಲ್ಲಿಂದ ಅವರಿಗೆ ಅರಿವಾಗುತ್ತ ಹೋಗುತ್ತದೆ.

ಒಬ್ಬ ವಿದ್ಯಾರ್ಥಿನಿ ಮನೆಯ ಮೆಟ್ಟಿಲುಗಳನ್ನು ಆರಿಸಿಕೊಂಡಿದ್ದಳು. ಮೊದಲ ನಿಮಿಷದಲ್ಲಿ ಅವಳ ತಮ್ಮ, ಅಕ್ಕ ಹೇಳಿಕೊಟ್ಟಂತೆ ಧಡಧಡನೆ ಓಡಿ ಇಳಿದ. ಐದು ಸೆಕೆಂಡಿನಲ್ಲಿ ಚಿತ್ರ ಮುಗಿದಿತ್ತು, ಉಳಿದದ್ದು ಖಾಲಿ ಮೆಟ್ಟಿಲು. ಇನ್ನೊಮ್ಮೆ ತೆಗೆ, ಯಾರಿಗೂ ಏನೂ ಹೇಳಬೇಡ ಎಂದೆ. ಎರಡನೆಯ ಸಲ ಅವಳು ಮೊಬೈಲನ್ನು ಮೆಟ್ಟಿಲು ತಿರುಗುವ ಜಾಗದಲ್ಲಿ, ನೆಲಕ್ಕೆ ಹತ್ತಿರ ಇಟ್ಟಿದ್ದಳು. ಇಪ್ಪತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಹೆಜ್ಜೆಯ ಸದ್ದು, ಕಟಕಟೆಯ ಮೇಲೆ ಒಂದು ಕೈ, ಭಾರದ ಚೀಲ ಹಿಡಿದ ತಾಯಿ. ತಿರುವಿನಲ್ಲಿ ಆಕೆ ನಿಂತರು. ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು. ಹಿಡಿಯ ಬರೆ ಮೂಡಿದ್ದ ಬೆರಳುಗಳನ್ನು ಒಮ್ಮೆ ಬಿಚ್ಚಿ ಮುಚ್ಚಿದರು. ಕೊನೆಯ ಐದು ಸೆಕೆಂಡಿನಲ್ಲಿ ಮೊಬೈಲ್ ಕಣ್ಣಿಗೆ ಬಿದ್ದು, ನೇರ ಅದರತ್ತ ನೋಡಿದರು. "ಅಮ್ಮ ಅಲ್ಲಿ ನಿಲ್ಲುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ" ಎಂದಳು ಹುಡುಗಿ.

ಸಂಕಲನದ ಪಾಠವನ್ನೂ ಹೀಗೇ ಚಿಕ್ಕದರಿಂದ ಆರಂಭಿಸುತ್ತೇನೆ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ ತೋರಿಸಿದ ಪ್ರಯೋಗವನ್ನು ಅರ್ಧ ಗಂಟೆಯಲ್ಲಿ ಮಕ್ಕಳೇ ಮಾಡಿ ನೋಡಬಹುದು. ಯಾರಾದರೊಬ್ಬರ ಭಾವವಿಲ್ಲದ ಮುಖ, ಪಕ್ಕದಲ್ಲಿ ಒಮ್ಮೆ ಖಾಲಿ ತಟ್ಟೆ, ಒಮ್ಮೆ ಉತ್ತರ ಪತ್ರಿಕೆ, ಒಮ್ಮೆ ಮುಚ್ಚಿದ ಬಾಗಿಲು. ಪಕ್ಕದ ದೃಶ್ಯ ಬದಲಾದಂತೆ ಅದೇ ಮುಖದಲ್ಲಿ ನೋಡುವವರಿಗೆ ಬೇರೆ ಬೇರೆ ಭಾವ ಕಾಣುತ್ತದೆ. ಹೆಚ್ಚು ಬೆರಗಾಗುವುದು ಆ ಮುಖದ ಒಡೆಯರೇ. ನಾನು ಏನೂ ನಟಿಸಲಿಲ್ಲವಲ್ಲ ಎನ್ನುತ್ತಾರೆ.

ಮಕ್ಕಳ ಚಿತ್ರಗಳು ನಿಜವಾಗಿ ಸೋಲುವುದು ಧ್ವನಿಯಲ್ಲಿ. ಮಸುಕಾದ ಚಿತ್ರವನ್ನು ಪ್ರೇಕ್ಷಕ ಸಹಿಸಿಕೊಳ್ಳುತ್ತಾನೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾನೆ. ಒಂದು ತಂಡ ಇಬ್ಬರು ಗೆಳೆಯರ ಜಗಳವನ್ನು ಬಹಳ ಚೆನ್ನಾಗಿ ಚಿತ್ರೀಕರಿಸಿತ್ತು. ಸಂಕಲನಕ್ಕೆ ಕೂತಾಗ ಒಬ್ಬನ ಮಾತಿನ ಹಿಂದೆ ಫ್ಯಾನಿನ ಗುಂಯ್ ಸದ್ದು, ಇನ್ನೊಬ್ಬನ ಮಾತಿನ ಹಿಂದೆ ನಿಶ್ಶಬ್ದ. ಎರಡನೆಯ ಹುಡುಗನ ಶಾಟ್ ತೆಗೆಯುವ ಮೊದಲು ಯಾರೋ ಫ್ಯಾನ್ ಆರಿಸಿದ್ದರು. ಪ್ರತಿ ಕಟ್ ಕಿವಿಗೆ ಹೊಡೆಯುತ್ತಿತ್ತು. ಪರಿಹಾರವನ್ನು ನಾನು ತಕ್ಷಣ ಹೇಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಹತ್ತು ಸಲ ಕೇಳಿದ ಮೇಲೆ ಒಬ್ಬಳು, ಅದೇ ಫ್ಯಾನಿನ ಸದ್ದನ್ನೇ ಎಲ್ಲ ಶಾಟ್‌ಗಳ ಕೆಳಗೂ ಹಾಸಿದರೆ ಹೇಗೆ ಎಂದು ಕೇಳಿದಳು. ಚಿತ್ರೋದ್ಯಮದಲ್ಲಿ ಇದನ್ನೇ ರೂಮ್ ಟೋನ್ ಎನ್ನುತ್ತಾರೆ. ಅಂದಿನಿಂದ ಆ ತಂಡ ಪ್ರತಿ ಜಾಗದಲ್ಲಿ ಚಿತ್ರೀಕರಣ ಮುಗಿಸಿ 30 ಸೆಕೆಂಡು ಯಾರೂ ಕದಲದೆ ನಿಂತು ಆ ಕೋಣೆಯ ಸದ್ದನ್ನು ದಾಖಲಿಸಿಕೊಳ್ಳುತ್ತದೆ. ದುಬಾರಿ ಮೈಕ್ ಇಲ್ಲದವರಿಗೆ ಇನ್ನೊಂದು ಮಾತು: ಎರಡನೆಯ ಮೊಬೈಲನ್ನು ಮಾತನಾಡುವವರ ಎದೆಯ ಹತ್ತಿರ, ಫ್ರೇಮ್‌ಗೆ ಕಾಣದಂತೆ ಇಟ್ಟು ರೆಕಾರ್ಡ್ ಮಾಡಿ, ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿ. ಕೈಗಳು ಸೇರುವ ಫ್ರೇಮ್‌ಗೆ ಚಪ್ಪಾಳೆಯ ಸದ್ದನ್ನು ಹೊಂದಿಸಿದರೆ ತುಟಿಯೂ ಮಾತೂ ಕೂಡಿಕೊಳ್ಳುತ್ತವೆ.

ಜವಾಬ್ದಾರಿಗಳನ್ನು ಚೀಟಿ ಎತ್ತಿ ಹಂಚುತ್ತೇನೆ. ಅವರವರಿಗೇ ಬಿಟ್ಟರೆ ಹೆಚ್ಚಾಗಿ ಹುಡುಗರ ಕೈಗೆ ಕ್ಯಾಮೆರಾ, ಹುಡುಗಿಯರ ಕೈಗೆ ನೋಟ್ ಪುಸ್ತಕ.

ನನ್ನನ್ನು ಕಾಡುವುದು ದೊಡ್ಡವರ ಕೈ. ಮಕ್ಕಳ ಚಿತ್ರ ಎಂದರೆ ಸಂದೇಶ ಇರಲೇಬೇಕು ಎಂದು ಹಟ ಹಿಡಿಯುವ ಆಯೋಜಕರನ್ನು ಬಹಳ ಕಂಡಿದ್ದೇನೆ. ನೀರು ಉಳಿಸಿ, ಮೊಬೈಲ್ ಬಿಡಿ, ಚೆನ್ನಾಗಿ ಓದಿ. ಮಕ್ಕಳು ಜಾಣರು, ಕೇಳಿದ್ದನ್ನು ಮಾಡಿಕೊಡುತ್ತಾರೆ. ಆ ಚಿತ್ರಗಳಲ್ಲಿ ಮೇಷ್ಟರ ಒಂದು ಭಾಷಣಕ್ಕೆ ದಾರಿತಪ್ಪಿದ ಹುಡುಗ ಸರಿಹೋಗುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆ ಮಗು ಏನನ್ನು ಕಂಡಿತು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಶಿಕ್ಷಕರು ಮೌಸ್ ಹಿಡಿದು ಚಿತ್ರವನ್ನು ನಯ ಮಾಡಿಕೊಡುವುದೂ ಇದೇ ಬಗೆಯ ತಪ್ಪು. ಹಿಂದೆ ನಾನೂ ಅದನ್ನು ಮಾಡಿದ್ದೇನೆ. ಒಬ್ಬ ಹುಡುಗನ ಚಿತ್ರದಲ್ಲಿ ಉದ್ದವೆನಿಸಿದ ಒಂದು ಶಾಟನ್ನು ಅವನ ಪಕ್ಕದಲ್ಲೇ ಕೂತು ಅರ್ಧಕ್ಕೆ ಕತ್ತರಿಸಿದೆ. ಚಿತ್ರ ಚುರುಕಾಯಿತು. ಪ್ರದರ್ಶನದ ದಿನ ಅದು ತನ್ನದು ಎಂದು ಅವನು ಯಾರಿಗೂ ಹೇಳಲಿಲ್ಲ. ಈಗ ಸಂಕಲನದ ಹೊತ್ತಿನಲ್ಲಿ ಕೈಗಳನ್ನು ಹಿಂದೆ ಕಟ್ಟಿಕೊಂಡೇ ನಿಲ್ಲುತ್ತೇನೆ. ಇಲ್ಲಿ ಏನು ಕಾಣಬೇಕು, ಎಷ್ಟು ಹೊತ್ತು ಕಾಣಬೇಕು ಎಂದಷ್ಟೇ ಕೇಳುತ್ತೇನೆ.

ಅನುಮತಿಯ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಚಿತ್ರದಲ್ಲಿರುವವರಿಗೆ ಮೊದಲು ತೋರಿಸಬೇಕು, ಅವರು ಒಪ್ಪಿದರಷ್ಟೇ ಪ್ರದರ್ಶನ. ಮಕ್ಕಳು ಕಾಣಿಸಿಕೊಂಡಿದ್ದರೆ ಪೋಷಕರ ಲಿಖಿತ ಒಪ್ಪಿಗೆ. ಮೆಟ್ಟಿಲಿನ ಚಿತ್ರವನ್ನು ಹುಡುಗಿ ತಾಯಿಗೆ ತೋರಿಸಿದಳು. ಆಕೆ ಎರಡು ಸಲ ನೋಡಿ, ಕೊನೆಯಲ್ಲಿ ತಾನು ಕ್ಯಾಮೆರಾದತ್ತ ನೋಡುವ ಭಾಗ ಬೇಡ ಎಂದರು. ಇಡೀ ತರಗತಿ ಮೆಚ್ಚಿದ್ದು ಆ ನೋಟವನ್ನೇ. ಹುಡುಗಿ ನನ್ನ ಬಳಿ ಬಂದು ವಾದಿಸಿದಳು, ಅದೇ ಚಿತ್ರದ ಜೀವ ಎಂದಳು. ಅವಳ ಮಾತು ಸರಿಯಾಗಿತ್ತು, ನಾನೂ ಹಾಗೆಂದೇ ಹೇಳಿದೆ, ಆದರೆ ಮುಖ ಅಮ್ಮನದು ಎಂದೆ. ಅವಳು ಕಂಪ್ಯೂಟರ್ ಮುಂದೆ ಬಹಳ ಹೊತ್ತು ಕೂತಿದ್ದಳು. ಪ್ರದರ್ಶನದ ಸಂಜೆ ನಾವು ತೋರಿಸಿದ್ದು 55 ಸೆಕೆಂಡಿನ ಚಿತ್ರ. ಅದು ಮುಗಿಯುವುದು ಆ ಬೆರಳುಗಳ ಮೇಲೆ.